ನೋವಿನ ಜೊತೆ ಇನ್ನೇನು ಹೋಯಿತು?

ಆರು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ನನ್ನ ಬಲಗಾಲಿನ ಮೂಳೆ ಮುರಿಯಿತು. ಪ್ಲೇಟು ಕೂರಿಸಿ ಹೊಲಿಗೆ ಹಾಕಿದ ರಾತ್ರಿ ನರ್ಸಮ್ಮ ಡ್ರಿಪ್ಪಿನೊಳಗೆ ಟ್ರಮಡಾಲ್ ಸೇರಿಸಿದರು. ಹತ್ತು ನಿಮಿಷ ಕಳೆಯುವುದರೊಳಗೆ ಫ್ಯಾನು ನಿಂತು ಸೂರು ತಿರುಗಿದ ಹಾಗಾಯಿತು. ಬೆಳಗಾಗುವ ಹೊತ್ತಿಗೆ ಮೂರು ಸಲ ವಾಂತಿ. ನೋವು ಇಳಿದಿದ್ದು ನಿಜ. ಆದರೂ ಮರುದಿನ ಕೈ ಮುಗಿದು ಕೇಳಿಕೊಂಡೆ: "ಸಿಸ್ಟರ್, ನೋವಿದ್ರೂ ತಡ್ಕೋತೀನಿ, ಆ ಇಂಜೆಕ್ಷನ್ ಮಾತ್ರ ಬೇಡ."

ಅದಾಗಿ ಎರಡು ವರ್ಷಕ್ಕೆ ನಮ್ಮ ಭಾವನವರ ಸೊಂಟದ ಡಿಸ್ಕ್ ಜಾರಿತು. ಅವರಿಗೂ ಅದೇ ಟ್ರಮಡಾಲ್, ಮಾತ್ರೆಯ ರೂಪದಲ್ಲಿ, ಹತ್ತು ದಿನಕ್ಕೆಂದು ಬರೆದುಕೊಟ್ಟರು. ಹತ್ತು ದಿನದ ಮಾತ್ರೆ ಏಳು ತಿಂಗಳು ನಡೆಯಿತು. ಹಳೆಯ ಚೀಟಿಯನ್ನೇ ಮಡಿಸಿ ಮಡಿಸಿ ತೋರಿಸುತ್ತಿದ್ದರಂತೆ. ಮೆಡಿಕಲ್ ಶಾಪಿನವರು ತಾರೀಖು ನೋಡುತ್ತಿರಲಿಲ್ಲವಂತೆ. ಒಂದು ದಿನ ಅಕ್ಕ ಸ್ಕೂಟರಿನ ಡಿಕ್ಕಿಯಲ್ಲಿ ಛತ್ರಿ ಹುಡುಕುವಾಗ ಖಾಲಿ ಸ್ಟ್ರಿಪ್‌ಗಳ ಕಟ್ಟು ಸಿಕ್ಕಿತು. ಬೈದಳು, ಅತ್ತಳು, ಇನ್ನು ಮುಟ್ಟುವುದಿಲ್ಲವೆಂದು ದೇವರ ಮುಂದೆ ಪ್ರಮಾಣ ಮಾಡಿಸಿದಳು. ಮೂರನೇ ದಿನಕ್ಕೆ ಭಾವನವರಿಗೆ ಒಂದೇ ಸಮನೆ ಆಕಳಿಕೆ, ಮೂಗು ಸೋರುವುದು, ಮೈಯೆಲ್ಲ ಮುಳ್ಳು, ರಾತ್ರಿಯಿಡೀ ತಾವಾಗಿಯೇ ಒದೆಯುವ ಕಾಲುಗಳು. ಮನೋವೈದ್ಯರ ಹತ್ತಿರ ಹೋದದ್ದು ಆಮೇಲೆ.

ಆ ವೈದ್ಯರು ಚಟದ ಬಗ್ಗೆ ಉಪದೇಶ ಮಾಡಲಿಲ್ಲ. "ಮೊದಲ ಸಲ ಮಾತ್ರೆ ತಗೊಂಡಾಗ ಸೊಂಟದ ನೋವು ಹೋಯ್ತಲ್ಲ, ಅದರ ಜೊತೆ ಇನ್ನೇನು ಹೋಯ್ತು?" ಎಂದು ಕೇಳಿದರು. ಭಾವ ತುಂಬ ಹೊತ್ತು ಸುಮ್ಮನಿದ್ದು ಹೇಳಿದರಂತೆ: "ತಲೆಯೊಳಗೆ ಯಾವಾಗ್ಲೂ ಯಾರೋ ಬಯ್ತಾ ಇರೋ ಹಾಗಿರ್ತಿತ್ತು ಸಾರ್, ಚಿಕ್ಕಂದಿನಿಂದ. ಅದು ನಿಂತುಹೋಯ್ತು."

ಮದ್ದು ಒಂದೇ. ನನಗೆ ವಾಂತಿ, ಅವರಿಗೆ ನೆಮ್ಮದಿ. ಏಕೆ ಹೀಗೆ? ಭಾವನವರ ಒಪ್ಪಿಗೆ ಪಡೆದೇ ಈ ಕಥೆಯನ್ನು ಮುಂದಿಟ್ಟುಕೊಂಡು, ಕಳೆದ ಮುಕ್ಕಾಲು ಶತಮಾನದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದವರು ಏನೇನು ಕಂಡುಕೊಂಡರು ಎಂದು ನೋಡುವುದು ಈ ಲೇಖನದ ಕೆಲಸ.

ಗಸಗಸೆಯ ಗಿಡದಿಂದ

ಮೊದಲು ಒಂದು ಗೊಂದಲ ಬಿಡಿಸಬೇಕು. ನಾವು 'ಪೇನ್‌ಕಿಲ್ಲರ್' ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಕುಲಗಳಿವೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಒಂದು ಕಡೆ. ಇವನ್ನು ಮಿತಿಮೀರಿ ನುಂಗಿದರೆ ಯಕೃತ್ತೋ ಹೊಟ್ಟೆಯೋ ಕಿಡ್ನಿಯೋ ಕೆಟ್ಟೀತು, ಅಮಲು ಏರುವುದಿಲ್ಲ. ಇನ್ನೊಂದು ಅಫೀಮಿನ ಕುಲ: ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಾಪೆಂಟಡಾಲ್, ಫೆಂಟನಿಲ್. ವೈದ್ಯರ ಭಾಷೆಯಲ್ಲಿ ಓಪಿಯಾಯ್ಡ್. ಇಲ್ಲಿ ಮಾತು ಈ ಎರಡನೆಯದರದ್ದು.

ಈ ಕುಲದ ಮೂಲಗಿಡ ನಮ್ಮ ಅಡುಗೆಮನೆಗೂ ನೆಂಟ. ಹಬ್ಬದೂಟದಲ್ಲಿ ಗಸಗಸೆ ಪಾಯಸ ಕುಡಿದವರಿಗೆ ಕಣ್ಣು ಎಳೆಯುತ್ತದೆ ಎಂದು ನಗುತ್ತೇವೆ. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದು ಇರುವುದು ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಆದರೂ ದುಬೈಯಂಥ ಕಡೆಗೆ ಗಸಗಸೆ ಒಯ್ಯುವುದು ಅಪರಾಧ; ಕೊಲ್ಲಿಗೆ ಹೊರಟವರ ಚೀಲದಿಂದ ಮನೆಯವರು ಆ ಪೊಟ್ಟಣ ತೆಗೆದಿಡುವುದು ಅದಕ್ಕೇ. ಕಾಯಿಯ ಆ ಹಾಲಿನಿಂದ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಿ ಅಂಗಡಿಯ ಯುವಕ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಮಾರ್ಫಿನ್ ಬೇರ್ಪಡಿಸಿದ. 1898ರಲ್ಲಿ ಬೇಯರ್ ಕಂಪನಿ ಮಾರ್ಫಿನನ್ನೇ ತುಸು ಮಾರ್ಪಡಿಸಿ ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಇಟ್ಟ ಹೆಸರು ಹೆರಾಯಿನ್.

ಈ ಮದ್ದುಗಳು ನಮ್ಮ ಮೈಮೇಲೆ ಇಷ್ಟು ಜೋರಾಗಿ ಕೆಲಸ ಮಾಡುವುದೇಕೆ ಎಂಬುದು ತಿಳಿದದ್ದು 1970ರ ದಶಕದಲ್ಲಿ. ಮಿದುಳಿನಲ್ಲಿ ಇವು ಹೋಗಿ ಕೂರುವ ಗ್ರಾಹಕಗಳಿವೆ ಎಂದು 1973ರಲ್ಲಿ ಗೊತ್ತಾಯಿತು; ಅದೇ ಜಾಗಕ್ಕೆ ಹೊಂದುವ ವಸ್ತುವನ್ನು ದೇಹವೇ ತಯಾರಿಸುತ್ತದೆ ಎಂದು 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ತೋರಿಸಿದರು. ಏಟು ಬಿದ್ದಾಗ ನೋವು ತಗ್ಗಿಸುವ ಈ ಒಳಗಿನ ವ್ಯವಸ್ಥೆಗೆ ಅಮ್ಮನ ಮಡಿಲಲ್ಲಿ ಮಗು ಸಮಾಧಾನವಾಗುವುದರ ಜೊತೆಗೂ ನಂಟಿದೆ. ಮೈನೋವಿಗೂ ಮನಸ್ಸಿನ ಸಂಕಟಕ್ಕೂ ಬೀಗ ಒಂದೇ ಆಗಿರುವುದರಿಂದ ಕೀಲಿಯೂ ಒಂದೇ.

ಇನ್ನೊಂದು ವ್ಯತ್ಯಾಸ ನೆನಪಿರಲಿ. ಕೆಲವು ವಾರ ಈ ಮದ್ದು ತಗೊಂಡ ಯಾರ ದೇಹವಾದರೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಭೇದಿ, ಮೈಮುಳ್ಳು ಬರುತ್ತವೆ. ಇದು ದೇಹದ ಅವಲಂಬನೆ. ನೋವು ಹೋದ ಮೇಲೂ ಮದ್ದು ಬೇಕೆನ್ನಿಸುವುದು, ಕೆಡುಕಾಗುತ್ತಿದೆಯೆಂದು ಗೊತ್ತಿದ್ದೂ ಬಿಡಲಾಗದಿರುವುದು, ಅದಕ್ಕಾಗಿ ಸುಳ್ಳು ಹೇಳುವುದು ವ್ಯಸನ. ಮೊದಲನೆಯದು ಬಹುಮಂದಿಗೆ ಆಗುತ್ತದೆ, ಎರಡನೆಯದು ಕೆಲವರಿಗೆ. ಆ ಕೆಲವರು ಯಾರು ಎಂಬುದೇ ಪ್ರಶ್ನೆ.

ಐದು ವಾಕ್ಯದ ಪತ್ರ

ಇದಕ್ಕೆ ಅಮೆರಿಕ ಕೊಟ್ಟುಕೊಂಡ ತಪ್ಪು ಉತ್ತರದ ಕಥೆ ದೊಡ್ಡದು. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಗೆ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಐದು ವಾಕ್ಯದ ಒಂದು ಪತ್ರ ಬರೆದರು. ಆಸ್ಪತ್ರೆಯಲ್ಲಿ ಕನಿಷ್ಠ ಒಮ್ಮೆ ಇಂಥ ಮದ್ದು ಪಡೆದ 11,882 ರೋಗಿಗಳಲ್ಲಿ, ಹಿಂದೆ ವ್ಯಸನವಿಲ್ಲದೆ ಹೊಸದಾಗಿ ವ್ಯಸನಕ್ಕೆ ಬಿದ್ದವರು ನಾಲ್ಕೇ ಮಂದಿ ಎಂಬುದು ಅದರ ಸಾರ. ಅದು ಆಸ್ಪತ್ರೆಯ ಹಾಸಿಗೆಯ ಮೇಲೆ, ನರ್ಸ್‌ಗಳ ಕಣ್ಣೆದುರಿಗೆ ಕೊಟ್ಟ ಮದ್ದಿನ ಲೆಕ್ಕ. ಮನೆಗೆ ಹೋಗಿ ತಿಂಗಳುಗಟ್ಟಲೆ ನುಂಗುವವರ ಲೆಕ್ಕವಲ್ಲ. ಆದರೆ ಮುಂದಿನ ದಶಕಗಳಲ್ಲಿ ಆ ಪತ್ರವನ್ನು ನೂರಾರು ಬರಹಗಳು ಉಲ್ಲೇಖಿಸಿದವು. 2017ರಲ್ಲಿ ಎಣಿಸಿದವರಿಗೆ ಅಂಥ 608 ಉಲ್ಲೇಖಗಳು ಸಿಕ್ಕವು. ಹತ್ತರಲ್ಲಿ ಏಳರಷ್ಟು ಬರಹಗಳು 'ವ್ಯಸನ ಅಪರೂಪ' ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಹಿಡಿದಿದ್ದವು.

1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಇದೇ ಕುಲದ ಆಕ್ಸಿಕಾಂಟಿನ್ ಮಾತ್ರೆಯನ್ನು ತಂದಾಗ ಅದರ ಮಾರಾಟ ಪ್ರತಿನಿಧಿಗಳು ವೈದ್ಯರಿಗೆ ಹೇಳಿದ್ದೂ ಇದನ್ನೇ: ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. 2007ರಲ್ಲಿ ಕಂಪನಿ ತಪ್ಪು ಪ್ರಚಾರ ಮಾಡಿದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು 60 ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಿತು. ಅಷ್ಟಕ್ಕೇ ಪ್ರವಾಹ ಇಳಿಯಲಿಲ್ಲ. 2012ರಲ್ಲಿ ಅಮೆರಿಕದ ವೈದ್ಯರು ಈ ಕುಲದ ಮದ್ದಿಗೆ 25 ಕೋಟಿಗೂ ಹೆಚ್ಚು ಚೀಟಿ ಬರೆದರು. ಆಮೇಲೆ ಮಾತ್ರೆಗೆ ಕಡಿವಾಣ ಬಿತ್ತು. ಆಗಲೇ ಸಿಕ್ಕಿಬಿದ್ದವರಲ್ಲಿ ಅನೇಕರು ಬೀದಿಯ ಹೆರಾಯಿನ್ನಿಗೆ, ಅಲ್ಲಿಂದ ಕಳ್ಳಪೇಟೆಯ ಫೆಂಟನಿಲ್‌ಗೆ ಹೊರಳಿದರು. 2022ರ ಒಂದೇ ವರ್ಷ ಅಲ್ಲಿ ಮಾದಕವಸ್ತು ಮಿತಿಮೀರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಮುಕ್ಕಾಲು ಪಾಲು ಸಾವುಗಳಲ್ಲಿ ಓಪಿಯಾಯ್ಡ್ ಇತ್ತು.

ಹಾಗಾದರೆ ಮಾತ್ರೆ ಮುಟ್ಟಿದವರೆಲ್ಲ ಹಾಳಾದರೇ? ಅದೂ ಸುಳ್ಳು. ದೀರ್ಘಕಾಲದ ನೋವಿಗೆ ಈ ಮದ್ದು ತಗೊಳ್ಳುವವರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದ 2015ರ ಸಮೀಕ್ಷೆಯೊಂದು ವ್ಯಸನಕ್ಕೆ ಬೀಳುವವರು ಶೇ. 8ರಿಂದ 12 ಎಂದು ಲೆಕ್ಕ ಹಾಕಿತು. ನೂರಕ್ಕೆ ಒಂದಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಬೀಳುವುದಿಲ್ಲ. ಕಂಪನಿಯ ಜಾಹೀರಾತು ಆ ಹತ್ತನೆಯವನನ್ನು ಮರೆಸಿತು, ಈಗಿನ ಭಯ ಉಳಿದ ಒಂಬತ್ತು ಮಂದಿಯನ್ನು ಮರೆಸುತ್ತಿದೆ.

ಸ್ವಯಂಸೇವಕರು, ಸೈನಿಕರು, ಅವಳಿಗಳು

ಆ ಹತ್ತನೆಯವನು ಯಾರು ಎಂಬುದಕ್ಕೆ ಮೂರು ಸಾಕ್ಷ್ಯಗಳಿವೆ. ಮೊದಲನೆಯದು: 1955ರಲ್ಲಿ ಅಮೆರಿಕದ ಲೂಯಿ ಲಸಾನ್ಯಾ ಮತ್ತು ಸಂಗಡಿಗರು ಆರೋಗ್ಯವಂತ ಯುವಕರಿಗೆ ಏನು ಕೊಡುತ್ತಿದ್ದೇವೆಂದು ಹೇಳದೆ ಮಾರ್ಫಿನ್, ಹೆರಾಯಿನ್ ಕೊಟ್ಟು ಹೇಗನ್ನಿಸಿತು ಎಂದು ಕೇಳಿದರು. ಬಹುಪಾಲು ಜನಕ್ಕೆ ಅದು ಹಿತವೆನಿಸಲೇ ಇಲ್ಲ. ಹಿಂದೆ ವ್ಯಸನಿಗಳಾಗಿದ್ದ ಬೇರೊಂದು ಗುಂಪಿಗೆ ಮಾತ್ರ ಮಾರ್ಫಿನ್ ಚೆನ್ನಾಗಿತ್ತು. ನನ್ನ ವಾಂತಿಯ ರಾತ್ರಿ ಅಪರೂಪದ್ದೇನಲ್ಲ ಎಂದು ನನಗೆ ತಿಳಿದದ್ದು ಇದನ್ನು ಓದಿದಾಗ.

ಎರಡನೆಯ ಸಾಕ್ಷ್ಯ ವಿಯೆಟ್ನಾಮಿನದು. 1971ರಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ, ಶುದ್ಧವಾಗಿ ಸಿಗುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದವರನ್ನು ಸಮಾಜವಿಜ್ಞಾನಿ ಲೀ ರಾಬಿನ್ಸ್ ಬೆನ್ನು ಹತ್ತಿ ಮಾತನಾಡಿಸಿದರು. ಐವರಲ್ಲಿ ಒಬ್ಬ ಅಲ್ಲಿ ವ್ಯಸನಿಯಾಗಿದ್ದ. ಅಂಥವರಲ್ಲಿ ಅರ್ಧದಷ್ಟು ಜನ ಊರಿಗೆ ಬಂದ ಮೇಲೂ ಹೆರಾಯಿನ್ ಮುಟ್ಟಿ ನೋಡಿದ್ದರು. ಆದರೂ ಮೂರು ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಎಂಟರಲ್ಲಿ ಒಬ್ಬರು ಮಾತ್ರ. ಒಮ್ಮೆ ಹಿಡಿದರೆ ಜನ್ಮಕ್ಕೆ ಬಿಡದು ಎಂದು ನಂಬಿದ್ದ ಆಡಳಿತಕ್ಕೆ ಈ ಲೆಕ್ಕ ಜೀರ್ಣವಾಗಲಿಲ್ಲ. ಯುದ್ಧ, ಬೇಸರ, ಭಯ, ಅಗ್ಗದ ಮದ್ದು ಇವೆಲ್ಲ ಹಿಂದೆ ಉಳಿದವು; ಮುಂದೆ ಹೆಂಡತಿ, ಕೆಲಸ, ಊರು ಇದ್ದವು.

ಮೂರನೆಯದು ಅವಳಿಗಳ ಅಧ್ಯಯನ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳನ್ನೂ ಬೇರೆ ಮೊಟ್ಟೆಗಳ ಅವಳಿಗಳನ್ನೂ ಹೋಲಿಸಿದರೆ, ಒಂದು ಗುಣದಲ್ಲಿ ಹುಟ್ಟಿನ ಪಾಲೆಷ್ಟು ಎಂದು ಅಂದಾಜು ಸಿಗುತ್ತದೆ. ವ್ಯಸನದಲ್ಲಿ ಆ ಪಾಲು ಹೆಚ್ಚುಕಡಿಮೆ ಅರ್ಧ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವಳಿಗಳಿಗೆ ಅಲ್ಪ ಹೊತ್ತು ಕೆಲಸ ಮಾಡುವ ಓಪಿಯಾಯ್ಡ್ ಕೊಟ್ಟು ನೋಡಿದಾಗ, ವಾಕರಿಕೆ ಬರುವುದು, ಮದ್ದು ಹಿಡಿಸದಿರುವುದು ಇಂಥವುಗಳಲ್ಲೂ ಹುಟ್ಟಿನ ಪಾಲು ಕಂಡಿತು. ಹಾಗೆಂದು ಇದಕ್ಕೆ ಒಂದೇ ಜೀನ್ ಎಂಬುದಿಲ್ಲ. ರಕ್ತ ಪರೀಕ್ಷಿಸಿ 'ನೀನು ಬೀಳುವೆ, ನೀನು ಬೀಳಲಾರೆ' ಎಂದು ಹೇಳುವ ವಿದ್ಯೆಯೂ ಇಲ್ಲ.

ಯಕೃತ್ತು, ಬಾಲ್ಯ, ವಯಸ್ಸು

ಒಂದು ಜಾಗದಲ್ಲಿ ಮಾತ್ರ ದೇಹದ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ: ಯಕೃತ್ತಿನಲ್ಲಿ. ಕೊಡೀನ್ ನುಂಗಿದಾಗ ಅದರಲ್ಲೊಂದು ಪಾಲನ್ನು ಸಿವೈಪಿ2ಡಿ6 ಎಂಬ ಕಿಣ್ವ ಮಾರ್ಫಿನ್ ಆಗಿ ಬದಲಿಸುತ್ತದೆ. ಟ್ರಮಡಾಲ್ ಕೂಡ ಇದೇ ಕಿಣ್ವದ ಕೈದಾಟಿ ಬಲ ಪಡೆಯುವಂಥದು. ಕೆಲವರಲ್ಲಿ ಈ ಕಿಣ್ವ ಕೆಲಸವನ್ನೇ ಮಾಡದು. ಅವರಿಗೆ ಕೊಡೀನ್ ಕೊಟ್ಟರೂ ನೋವು ಇಳಿಯದು. ಇನ್ನು ಕೆಲವರಲ್ಲಿ ಅತಿವೇಗ; ಮಾಮೂಲಿ ಡೋಸು ಅವರಿಗೆ ಮಿತಿಮೀರಿದ ಡೋಸು. ಇಂಥ ಮಕ್ಕಳ ಉಸಿರು ನಿಂತ ಪ್ರಕರಣಗಳಿಂದಾಗಿಯೇ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರು 12 ವರ್ಷದೊಳಗಿನವರಿಗೆ ಈ ಎರಡೂ ಬೇಡವೆಂದರು. ಟ್ರಮಡಾಲ್‌ಗೆ ಇನ್ನೊಂದು ಮುಖವೂ ಇದೆ: ಖಿನ್ನತೆಯ ಕೆಲವು ಮಾತ್ರೆಗಳ ಹಾಗೆ ಮಿದುಳಿನ ಸಿರೊಟೋನಿನ್ ಮೇಲೂ ಅದು ಕೆಲಸ ಮಾಡುತ್ತದೆ. ಭಾವನವರ ತಲೆಯೊಳಗಿನ ಬೈಗುಳ ನಿಂತದ್ದರಲ್ಲಿ ಇದರ ಕೈವಾಡವೂ ಇದ್ದೀತು.

ಆ ಬೈಗುಳ ಎಲ್ಲಿಂದ ಬಂತು? ಒಂಬತ್ತನೇ ವರ್ಷಕ್ಕೆ ತಂದೆಯನ್ನು ಕಳಕೊಂಡು ಭಾವ ಬೆಳೆದದ್ದು ನೆಂಟರ ಮನೆಯಲ್ಲಿ. ತಟ್ಟೆಗೆ ಎರಡನೇ ಸಲ ಅನ್ನ ಕೇಳಲು ಹೆದರುತ್ತಿದ್ದೆ ಎಂದು ಅವರು ಹೇಳಿದ್ದು ಒಂದೇ ಸಲ, ಅದೂ ಈ ಚಿಕಿತ್ಸೆ ಮುಗಿದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ 17,000ಕ್ಕೂ ಹೆಚ್ಚು ಜನರ ಬಾಲ್ಯವನ್ನೂ ನಂತರದ ಆರೋಗ್ಯವನ್ನೂ ಹೋಲಿಸಿದ ದೊಡ್ಡ ಅಧ್ಯಯನ ನಡೆಯಿತು. ಹೊಡೆತ, ನಿರ್ಲಕ್ಷ್ಯ, ಮನೆಯೊಳಗಿನ ಕುಡಿತ, ಅಪ್ಪ ಅಮ್ಮ ಬೇರೆಯಾದದ್ದು ಇವನ್ನೆಲ್ಲ ಎಣಿಸಿದಾಗ, ಇಂಥ ಐದು ಅಥವಾ ಹೆಚ್ಚು ಪೆಟ್ಟು ತಿಂದವರಲ್ಲಿ ಮಾದಕವಸ್ತುವಿನ ತೊಂದರೆ ಏಳರಿಂದ ಹತ್ತು ಪಟ್ಟು ಹೆಚ್ಚಿತ್ತು. ಎಳೆ ವಯಸ್ಸಿನಲ್ಲಿ ಶುರುವಾದರೂ ಅಪಾಯ ಹೆಚ್ಚು. ಬೇಕು ಎನ್ನುವ ಮಿದುಳಿಗಿಂತ ಸಾಕು ಎನ್ನುವ ಮಿದುಳು ಬಲಿಯುವುದು ತಡ, ಇಪ್ಪತ್ತೈದರ ಆಸುಪಾಸಿಗೆ.

ಆಪರೇಷನ್ನಿನ ಗಾತ್ರಕ್ಕಿಂತ ಮನುಷ್ಯನ ಹಿನ್ನೆಲೆ ಮುಖ್ಯ ಎಂದು ತೋರಿಸಿದ್ದು 2017ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ. ಶಸ್ತ್ರಚಿಕಿತ್ಸೆಗೆ ಮುಂಚೆ ಈ ಮದ್ದು ತಗೊಳ್ಳದಿದ್ದ ಸುಮಾರು 36,000 ಜನರಲ್ಲಿ, ಗಾಯ ಮಾಯ್ದು ತಿಂಗಳುಗಳಾದರೂ ಮಾತ್ರೆ ಬಿಡದವರು ಶೇ. 6ರಷ್ಟು. ದೊಡ್ಡ ಆಪರೇಷನ್ ಆದವರಿಗೂ ಚಿಕ್ಕದಾದವರಿಗೂ ಇದು ಹೆಚ್ಚುಕಡಿಮೆ ಒಂದೇ! ಬಿಡದವರಲ್ಲಿ ಹೆಚ್ಚಾಗಿ ಕಂಡದ್ದು ತಂಬಾಕು, ಮದ್ಯ, ಖಿನ್ನತೆ, ಆತಂಕ, ಮೊದಲೇ ಇದ್ದ ಬೇರೆ ನೋವುಗಳು. ಮೊದಲ ಚೀಟಿ ಎಷ್ಟು ದಿನದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ವರ್ಷ ಕೊಟ್ಟ ಅಂಕಿಯಂತೆ, ಎಂಟು ದಿನ ದಾಟಿದವರಲ್ಲಿ ವರ್ಷದ ನಂತರವೂ ಮದ್ದು ತಗೊಳ್ಳುತ್ತಿದ್ದವರು ಶೇ. 13ರಷ್ಟು, ತಿಂಗಳು ದಾಟಿದವರಲ್ಲಿ ಶೇ. 30ರಷ್ಟು.

ನಮ್ಮ ಎರಡು ತಪ್ಪುಗಳು

ಈ ವಿಷಯದಲ್ಲಿ ಭಾರತದ ಸ್ಥಿತಿ ವಿಚಿತ್ರ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಬೆರಳೆಣಿಕೆಯ ದೇಶಗಳಲ್ಲಿ ನಮ್ಮದೊಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಿಂದ ಅದು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಆದರೆ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ, ಲೈಸೆನ್ಸುಗಳ ತಾಪತ್ರಯಕ್ಕೂ ಜೈಲಿನ ಭಯಕ್ಕೂ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ವರ್ಷಕ್ಕೆ ನೂರಾರು ಕಿಲೋ ಇದ್ದ ದೇಶದ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಕುಸಿಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರ ಬಹುವರ್ಷದ ಹೋರಾಟದ ಫಲವಾಗಿ 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಮಾರ್ಫಿನ್ ಸೇರಿದಂತೆ ಆರು ಮದ್ದುಗಳ ಪರವಾನಗಿ ಸರಳವಾಯಿತು. ಕಾಯ್ದೆ ಸಡಿಲವಾದರೂ ಮನಸ್ಸಿನ ಭಯ ಸಡಿಲವಾಗಲಿಲ್ಲ.

ನಮ್ಮ ದೊಡ್ಡಮ್ಮನ ಕಥೆ ಇಲ್ಲೇ ಬರುತ್ತದೆ. ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. 'ಚಟ ಹತ್ತಿಬಿಡುತ್ತೆ' ಎಂದು ಮಗ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಎಪ್ಪತ್ತೆರಡು ವರ್ಷದ, ಇನ್ನು ಕೆಲವೇ ವಾರ ಬದುಕುವ ಹೆಂಗಸಿಗೆ ಚಟ ಹತ್ತೀತೆಂಬ ಭಯ! ರಾತ್ರಿಯಿಡೀ ಆಕೆ ಮಂಚದ ಸರಳು ಹಿಡಿದು ಕೂತಿರುತ್ತಿದ್ದಳು. ಮನೆಗೆ ಬಂದ ಉಪಶಾಮಕ ಆರೈಕೆಯ ನರ್ಸ್ ಒಬ್ಬರು ಮಗನನ್ನು ಪಕ್ಕಕ್ಕೆ ಕರೆದು ಅರ್ಧ ಗಂಟೆ ಮಾತನಾಡಿದ ಮೇಲೆ ಬೀಗ ತೆರೆಯಿತು. ಮೂರನೇ ದಿನ ದೊಡ್ಡಮ್ಮ ಎದ್ದು ಕೂತು ಮಜ್ಜಿಗೆಹುಳಿ ಬೇಕೆಂದಳು. ಬೆಂಗಳೂರಿನ ಕರುಣಾಶ್ರಯದಂಥ ಕಡೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವಲ್ಲಿ, ಇದು ದಿನನಿತ್ಯದ ಮಾತು. ಅಂಥ ಜಾಗ ತಲುಪದವರೇ ಹೆಚ್ಚು.

ಇದು ಒಂದು ತಪ್ಪು. ಇನ್ನೊಂದು ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ನಡೆಯುವುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಶೇ. 2.06 ಜನ ಈ ಕುಲದ ಯಾವುದಾದರೊಂದು ವಸ್ತು ಬಳಸುತ್ತಿದ್ದರು; ಅಂಗಡಿಯ ಔಷಧಿಗಳನ್ನೇ ಹೀಗೆ ಬಳಸುವವರು ಶೇ. 0.96. ಸರ್ಕಾರ ಒಂದೊಂದೇ ಮದ್ದಿನ ಬೆನ್ನು ಹತ್ತುತ್ತದೆ. 2013ರಲ್ಲಿ ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ನಿಷೇಧವಾಯಿತು, 2018ರಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಕೆಳಗೆ ಬಂತು. ಅಷ್ಟರಲ್ಲಿ ಬೇಡಿಕೆ ಟಾಪೆಂಟಡಾಲ್ ಕಡೆ ಹೊರಳಿತು. ಆ ಮಾತ್ರೆಗಳನ್ನು ಪೊಲೀಸರು ವಶಪಡಿಸಿಕೊಂಡ ಸುದ್ದಿ ಈಗ ಕರ್ನಾಟಕದ ಪತ್ರಿಕೆಗಳಲ್ಲೂ ಬರುತ್ತದೆ. ಮದ್ದಿನ ಹೆಸರು ಬದಲಾಗುತ್ತದೆ. ಅದನ್ನು ಹುಡುಕಿಕೊಂಡು ಬರುವ ಹುಡುಗನ ತಲೆಯೊಳಗೆ ಬಯ್ಯುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಎರಡೂ ತಪ್ಪುಗಳ ಬೇರು ಒಂದೇ: ಅಪಾಯವೆಲ್ಲ ಮಾತ್ರೆಯಲ್ಲಿದೆ ಅಥವಾ ತಪ್ಪೆಲ್ಲ ಮನುಷ್ಯನದು ಎಂಬ ನಂಬಿಕೆ. ಕುಡಿತದ ವಿಷಯದಲ್ಲಿ ನಮಗೆ ಈ ವಿವೇಕ ಇದೆ. ಒಂದೇ ಪಂಕ್ತಿಯಲ್ಲಿ ಕೂತು ಕುಡಿದ ಐವರಲ್ಲಿ ನಾಲ್ವರು ಮನೆಗೆ ಹೋಗಿ ಮಲಗುತ್ತಾರೆ, ಒಬ್ಬ ಮರುದಿನ ಬೆಳಗ್ಗೆಯೇ ಅಂಗಡಿ ಹುಡುಕುತ್ತಾನೆ ಎಂದು ಹಳ್ಳಿಯ ಮುದುಕರೂ ಬಲ್ಲರು. ನೋವಿನ ಮಾತ್ರೆಯ ವಿಷಯಕ್ಕೆ ಬಂದರೆ ಅದೇ ವಿವೇಕ ಕೈಕೊಡುತ್ತದೆ. ನಾನು ವ್ಯಸನಿಯಾಗಲಿಲ್ಲ. ಅದು ನನ್ನ ಸಂಯಮವಲ್ಲ, ನನ್ನ ಹೊಟ್ಟೆಯ ಪುಣ್ಯ. ಭಾವ ಬಿದ್ದದ್ದೂ ಗುಣಗೇಡಿತನದಿಂದಲ್ಲ.

ಅವರಿಗೆ ಚಿಕಿತ್ಸೆ ನಡೆದದ್ದು ಹೀಗೆ: ಒಂದೇ ಸಲ ನಿಲ್ಲಿಸದೆ ವಾರವಾರಕ್ಕೆ ಡೋಸು ಇಳಿಸಿದರು, ಆತಂಕಕ್ಕೆ ಬೇರೆ ಮದ್ದು ಕೊಟ್ಟರು, ತಿಂಗಳಿಗೆ ಎರಡು ಸಲ ಮಾತುಕತೆ. ಹೆರಾಯಿನ್‌ನಂಥದರಲ್ಲಿ ಸಿಕ್ಕವರಿಗೆ ಬ್ಯುಪ್ರಿನಾರ್ಫಿನ್ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಮಾದಕವ್ಯಸನದ ರಾಷ್ಟ್ರೀಯ ಸಹಾಯವಾಣಿ 14446.

ಓದುಗರಲ್ಲಿ ಒಂದೆರಡು ಮಾತು. ಆಪರೇಷನ್ನಿಗೆ ಹೋದಾಗ 'ಇದು ಯಾವ ಕುಲದ ಮಾತ್ರೆ, ಎಷ್ಟು ದಿನಕ್ಕೆ' ಎಂದು ಕೇಳಿ. ಮನೆಯಲ್ಲಿ ಕುಡಿತದ ಚರಿತ್ರೆಯೋ ಖಿನ್ನತೆಯೋ ಇದ್ದರೆ ನಾಚದೆ ಹೇಳಿ. ಉಳಿದ ಮಾತ್ರೆಯನ್ನು ಮುಂದಕ್ಕೆ ಬೇಕಾದೀತೆಂದು ಎತ್ತಿಡಬೇಡಿ. ಮಾರ್ಫಿನ್ ಬೇಕಾದವರಿಂದ ಅದನ್ನು ಬಚ್ಚಿಡಬೇಡಿ. ಮನೆಯಲ್ಲಿ ಯಾರಾದರೂ ನೋವಿನ ಮಾತ್ರೆ ಶುರುಮಾಡಿದರೆ ಮೊದಲ ವಾರವೇ ಪಕ್ಕದಲ್ಲಿ ಕೂತು, ಬೈಯದೆ, ಆ ವೈದ್ಯರು ಕೇಳಿದ್ದನ್ನೇ ನೀವೂ ಕೇಳಿ: ನೋವಿನ ಜೊತೆ ಇನ್ನೇನು ಹೋಯಿತು? ಅಕ್ಕ ಈಗ ಹೇಳುವುದೂ ಅದನ್ನೇ. "ಏಳು ತಿಂಗಳು ಸ್ಟ್ರಿಪ್ ಸಿಗೋವರೆಗೆ ಕಾದೆ ನೋಡು. ಮೊದಲನೇ ವಾರ ಕೇಳಿದ್ರೆ ಹೇಳ್ತಿದ್ರೇನೋ."